ಕುಚ್ಚಿಲಕ್ಕಿ ಗಂಜಿಯ ದಾರಿ: ಅಂಗಳದಿಂದ ಕರುಳಿನವರೆಗೆ

"ಟೀಚರ್, ಬೆರಿಬೆರಿ ಬಂದವರನ್ನು ನೀವು ನೋಡಿದ್ದೀರಾ?"

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದಳು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಅವತ್ತು ಬೋರ್ಡಿನಲ್ಲಿ ವಿಟಮಿನ್‌ಗಳ ಪಟ್ಟಿ ಬರೆದಿದ್ದೆ. ಎ ಕಡಿಮೆಯಾದರೆ ಇರುಳುಗುರುಡು, ಸಿ ಕಡಿಮೆಯಾದರೆ ಸ್ಕರ್ವಿ, ಡಿ ಕಡಿಮೆಯಾದರೆ ರಿಕೆಟ್ಸ್, ಬಿ1 ಕಡಿಮೆಯಾದರೆ ಬೆರಿಬೆರಿ. ಮಕ್ಕಳು ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಾರೆ. ನಾನೂ ಹಾಗೇ ಕಲಿತವಳು.

ನೋಡಿಲ್ಲ ಎಂದೆ. ಅಮ್ಮನ ಬಾಯಲ್ಲಿ, ಅಜ್ಜಿಯ ಬಾಯಲ್ಲಿ ಆ ಹೆಸರನ್ನು ಕೇಳಿಯೂ ಇಲ್ಲ. ಆದರೆ ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು. ಬೆರಿಬೆರಿ ಅಕ್ಕಿ ಉಣ್ಣುವವರ ಕಾಯಿಲೆ, ಅದರಲ್ಲಿ ನರ, ಹೃದಯ ಸೋಲುತ್ತವೆ. ನಾವು ಮೂರು ಹೊತ್ತೂ ಅಕ್ಕಿಯನ್ನೇ ತಿನ್ನುವವರು. ಬೆಳಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ. ಹಾಗಿದ್ದೂ ನಮ್ಮ ಕಡೆ ಅದು ಊರಿಗೇ ಹಬ್ಬಿದ ಕಾಯಿಲೆ ಆಗಲಿಲ್ಲವಲ್ಲ, ಯಾಕೆ?

ಉತ್ತರ ಗಂಜಿಯ ಪಾತ್ರೆಯಲ್ಲೇ ಇದೆ. ಅದನ್ನು ಸರಿಯಾಗಿ ಹೇಳಲು ಹೊರಟರೆ ವಿಟಮಿನ್ ಅಂದರೇನು, ಹೊಟ್ಟೆಯೊಳಗೆ ಏನು ನಡೆಯುತ್ತದೆ, ರೋಗ ತಡೆಯುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದೂ ಜೊತೆಗೇ ತಿಳಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಸರಗೋಡಿನ ರೇಷನ್ ಅಂಗಡಿಯಲ್ಲಿ ಪುಳುಕ್ಕಲರಿ ಬೇಕಾ, ಪಚ್ಚರಿ ಬೇಕಾ ಎಂದು ಮಲಯಾಳದಲ್ಲಿ ಕೇಳುತ್ತಾರೆ. ತುಳುವಿನವರು ಪುಳುಕ್ಕಲರಿಯನ್ನು ಉರ್ಪೆಲರಿ ಎನ್ನುತ್ತಾರೆ. ನಾವು ಕುಚ್ಚಿಲಕ್ಕಿ ಎನ್ನುತ್ತೇವೆ, ಭತ್ತವನ್ನು ಕುಚ್ಚಿ ಅಂದರೆ ಬೇಯಿಸಿ ಮಾಡಿದ ಅಕ್ಕಿ. ಪಚ್ಚರಿ ಅಂದರೆ ನಮ್ಮ ಬೆಳ್ತಿಗೆ, ಭತ್ತವನ್ನು ಬೇಯಿಸದೆ ಮಾಡಿದ ಬಿಳಿ ಅಕ್ಕಿ. ಎರಡೂ ಒಂದೇ ಭತ್ತದಿಂದ ಬರಬಹುದು. ವ್ಯತ್ಯಾಸ ಇರುವುದು ಭತ್ತದ ತಳಿಯಲ್ಲಿ ಅಲ್ಲ, ಅಂಗಳದ ಕೆಲಸದಲ್ಲಿ.

ನಾನು ಚಿಕ್ಕವಳಿದ್ದಾಗ ಕೊಯ್ಲು ಮುಗಿದ ಮೇಲೆ ಅಂಗಳದ ಮೂಲೆಯಲ್ಲಿ ಕಲ್ಲು ಇಟ್ಟು ದೊಡ್ಡ ಒಲೆ ಮಾಡುತ್ತಿದ್ದರು. ಅದರ ಮೇಲೆ ತಾಮ್ರದ ಹಂಡೆ. ಭತ್ತವನ್ನು ನೀರಲ್ಲಿ ನೆನೆಹಾಕಿ, ಮತ್ತೆ ಬೇಯಿಸಿ, ಸಿಪ್ಪೆ ಸ್ವಲ್ಪ ಬಿರಿಯುವಾಗ ಇಳಿಸುವುದು. ನೀರು ಬಸಿದು ಚಾಪೆಯ ಮೇಲೆ ಹರಡಿ ಬಿಸಿಲಲ್ಲಿ ಒಣಗಿಸುವುದು. ಕೋಳಿ ಓಡಿಸುವ ಕೆಲಸ ಮಕ್ಕಳದ್ದು. ಪೂರ್ತಿ ಒಣಗಿದ ಮೇಲೆಯೇ ಅದು ಮಿಲ್ಲಿಗೆ ಹೋಗುತ್ತಿತ್ತು. ಬೇಯಿಸಿದ ಭತ್ತದ ಆ ವಾಸನೆ ಈಗಲೂ ಮೂಗಿನಲ್ಲಿದೆ. ಅಕ್ಕಿಯನ್ನು ಹೇಗಿದ್ದರೂ ಬೇಯಿಸುತ್ತೇವೆ, ಭತ್ತವನ್ನೂ ಯಾಕೆ ಬೇಯಿಸಬೇಕು ಎಂದು ಆಗ ಅನಿಸುತ್ತಿತ್ತು. ಬೇಯಿಸಿದರೆ ಅಕ್ಕಿ ಗಟ್ಟಿಯಾಗುತ್ತದೆ, ಮಿಲ್ಲಿನಲ್ಲಿ ನುಚ್ಚಾಗುವುದಿಲ್ಲ, ಹುಳ ಬೇಗ ಹಿಡಿಯುವುದಿಲ್ಲ ಎನ್ನುತ್ತಿದ್ದರು. ಅದೆಲ್ಲ ನಿಜ. ಇನ್ನೊಂದು ದೊಡ್ಡ ಲಾಭವೂ ಇತ್ತು. ಅದು ಮಾಡುವವರಿಗೂ ಗೊತ್ತಿರಲಿಲ್ಲ.

ಒಂದು ಭತ್ತದ ಕಾಳನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗೆ ಉಮಿ. ಅದರೊಳಗೆ ತೆಳ್ಳಗಿನ ಕಂದು ಪದರ, ಅದೇ ತೌಡು. ಒಂದು ತುದಿಯಲ್ಲಿ ಮೊಳಕೆ ಬರುವ ಚಿಕ್ಕ ಬಿಂದು. ಉಳಿದದ್ದೆಲ್ಲ ಬಿಳಿ ಪಿಷ್ಟ. ಪಿಷ್ಟ ಗಿಡದ ಮರಿಗೆ ಕೂಡಿಟ್ಟ ಬುತ್ತಿ. ವಿಟಮಿನ್ ಬಿ1 ಬುತ್ತಿಯಲ್ಲಿ ತುಂಬಾ ಕಡಿಮೆ. ಅದು ಇರುವುದು ತೌಡಿನಲ್ಲಿ ಮತ್ತು ಆ ಮೊಳಕೆಯ ಸುತ್ತಮುತ್ತ. ಬೆಳ್ತಿಗೆ ಮಾಡುವಾಗ ಮಿಲ್ಲು ಎರಡನ್ನೂ ಉಜ್ಜಿ ತೆಗೆಯುತ್ತದೆ. ಅಕ್ಕಿ ಮಲ್ಲಿಗೆಯ ಹಾಗೆ ಬೆಳ್ಳಗಾಗುತ್ತದೆ. ವಿಟಮಿನ್ ತೌಡಿನ ಜೊತೆ ದನದ ಹಟ್ಟಿಗೆ ಹೋಗುತ್ತದೆ.

ಕುಚ್ಚುವಾಗ ಆಗುವುದೇ ಬೇರೆ. ಬಿ1 ನೀರಿನಲ್ಲಿ ಕರಗುವ ವಸ್ತು. ಭತ್ತ ನೆನೆಯುವಾಗ ಅದು ತೌಡಿನಲ್ಲಿ ಕರಗುತ್ತದೆ. ಬೇಯುವಾಗ ನೀರಿನ ಜೊತೆ ಒಳಗಿನ ಪಿಷ್ಟಕ್ಕೆ ಇಳಿಯುತ್ತದೆ. ಬಿಸಿಗೆ ಪಿಷ್ಟ ಅಂಟಾಗುತ್ತದೆ, ಒಣಗುವಾಗ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ವಿಟಮಿನ್ ಒಳಗೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ತೌಡು ತೆಗೆದರೂ ಅದರ ಒಂದು ಪಾಲು ಅಕ್ಕಿಯಲ್ಲಿ ಉಳಿಯುತ್ತದೆ. ಮಿಲ್ಲಿನ ಬೆಳ್ತಿಗೆಗೆ ಹೋಲಿಸಿದರೆ ಮಿಲ್ಲಿನ ಕುಚ್ಚಿಲಕ್ಕಿಯಲ್ಲಿ ಸುಮಾರು ಮೂರು ಪಟ್ಟು ಬಿ1 ಇರುತ್ತದೆ.

ಜಗತ್ತಿಗೆ ಇದು ಗೊತ್ತಾದದ್ದು ತುಂಬಾ ಸಂಕಟದ ನಂತರ.

1882ರ ಕೊನೆಗೆ ಜಪಾನಿನ ನೌಕಾಪಡೆಯ ರ‍್ಯೂಜೋ ಎಂಬ ಹಡಗು ದೂರ ಪ್ರಯಾಣಕ್ಕೆ ಹೊರಟಿತು. ಅದರಲ್ಲಿದ್ದ 376 ಜನರಲ್ಲಿ 169 ಜನರಿಗೆ ಬೆರಿಬೆರಿ ಬಂತು. 25 ಜನ ಸತ್ತರು. ನಾವಿಕರ ಊಟ ಹೆಚ್ಚಾಗಿ ಬಿಳಿ ಅಕ್ಕಿ. ತಕಾಕಿ ಕನೆಹಿರೊ ಎಂಬ ನೌಕಾ ವೈದ್ಯ 1884ರಲ್ಲಿ ಅದೇ ದಾರಿಯಲ್ಲಿ ಇನ್ನೊಂದು ಹಡಗನ್ನು ಕಳಿಸಿದ. ಅದರಲ್ಲಿ ಅಕ್ಕಿ ಕಡಿಮೆ ಮಾಡಿ ಬಾರ್ಲಿ, ಮಾಂಸ, ಕಾಳುಗಳನ್ನು ಕೊಟ್ಟ. ಒಬ್ಬರೂ ಸಾಯಲಿಲ್ಲ. ಊಟದಲ್ಲೇ ಕಾರಣ ಇದೆ ಎಂಬುದು ಅವನಿಗೆ ಸಿಕ್ಕಿತು. ಆದರೆ ಅದು ಪ್ರೋಟೀನಿನ ಕೊರತೆ ಎಂದು ಅವನು ತಿಳಿದ.

ಜಾವಾದಲ್ಲಿ ಸುಳಿವು ಕೊಟ್ಟದ್ದು ಕೋಳಿಗಳು. ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಬೆರಿಬೆರಿಗೆ ರೋಗಾಣು ಹುಡುಕುತ್ತಿದ್ದ. ಅವನ ಪ್ರಯೋಗಶಾಲೆಯ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳ ಮೇಲೆ ತಾವಾಗಿಯೇ ಚೇತರಿಸಿದವು. ಕಾರಣ ಹುಡುಕಿದರೆ ಅಡುಗೆಯವನಲ್ಲಿಗೆ ಬಂತು. ಮೊದಲಿನ ಅಡುಗೆಯವನು ಮಿಲಿಟರಿ ಆಸ್ಪತ್ರೆಯಲ್ಲಿ ಉಳಿದ ಬಿಳಿ ಅನ್ನವನ್ನು ಕೋಳಿಗೆ ಹಾಕುತ್ತಿದ್ದ. ಹೊಸದಾಗಿ ಬಂದವನು ಅದಕ್ಕೆ ಒಪ್ಪಲಿಲ್ಲ. ಕೋಳಿಗೆ ತೌಡು ತೆಗೆಯದ ಅಕ್ಕಿ ಸಿಕ್ಕಿತು, ಅವು ಎದ್ದು ನಿಂತವು. ಈ ಕೆಲಸಕ್ಕೆ ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಬಿಳಿ ಅಕ್ಕಿಯಲ್ಲಿ ವಿಷ ಇದೆ, ತೌಡಿನಲ್ಲಿ ಅದನ್ನು ಇಳಿಸುವ ಏನೋ ಇದೆ ಎಂದು ಅವನು ಮೊದಲು ಭಾವಿಸಿದ್ದ. ಹಾಗಲ್ಲ, ಬಿಳಿ ಅಕ್ಕಿಯಲ್ಲಿ ಏನೋ ಒಂದು ಇಲ್ಲ ಎಂದು 1901ರಲ್ಲಿ ಹೇಳಿದ್ದು ಅವನ ನಂತರ ಬಂದ ಖೆರಿಟ್ ಗ್ರೈನ್ಸ್. ಕಾಯಿಲೆ ಬರಲು ಯಾವುದೋ ಒಂದು ಒಳಗೆ ಬರಬೇಕು ಎಂದೇ ಆ ಕಾಲದವರು ನಂಬಿದ್ದರು. ಇಲ್ಲದಿರುವುದರಿಂದಲೂ ಕಾಯಿಲೆ ಬರುತ್ತದೆ ಎಂಬುದು ಹೊಸ ಯೋಚನೆ. ನನ್ನ ಮಟ್ಟಿಗೆ ವಿಟಮಿನ್ ಪಾಠದ ಜೀವ ಇರುವುದು ಇಲ್ಲೇ. 1912ರಲ್ಲಿ ಕಾಸಿಮಿರ್ ಫಂಕ್ ಈ ಬಗೆಯ ವಸ್ತುಗಳಿಗೆ ವಿಟಮಿನ್ ಎಂಬ ಹೆಸರು ಕೊಟ್ಟ. 1926ರಲ್ಲಿ ಜಾವಾದಲ್ಲೇ ಯಾನ್ಸನ್ ಮತ್ತು ಡೊನಾತ್ ಎಂಬಿಬ್ಬರು ತೌಡಿನಿಂದ ಬಿ1 ಅನ್ನು ಹರಳಾಗಿ ತೆಗೆದರು. ಅದರ ಇನ್ನೊಂದು ಹೆಸರು ಥಯಾಮಿನ್.

ನಮಗೆ ಹತ್ತಿರದ ಕಥೆ ಮಲಯಾದ್ದು, ಅಂದರೆ ಇಂದಿನ ಮಲೇಷ್ಯಾದ್ದು. ಅಲ್ಲಿನ ಗಣಿಗಳಲ್ಲಿ ಚೀನೀ ಕೆಲಸಗಾರರಿದ್ದರು, ತೋಟಗಳಲ್ಲಿ ತಮಿಳರಿದ್ದರು. ಬೆರಿಬೆರಿ ಚೀನೀಯರನ್ನು ಕೊಲ್ಲುತ್ತಿತ್ತು. ತಮಿಳರಿಗೆ ಬರುತ್ತಿದ್ದದ್ದು ತೀರಾ ಅಪರೂಪ. ಚೀನೀಯರು ಉಣ್ಣುತ್ತಿದ್ದದ್ದು ಸಯಾಮಿನ (ಇಂದಿನ ಥಾಯ್ಲೆಂಡಿನ) ಬಿಳಿ ಅಕ್ಕಿ. ತಮಿಳರದ್ದು ಕುಚ್ಚಿಲಕ್ಕಿ. 1905ರಲ್ಲಿ ಕೌಲಾಲಂಪುರದ ಮಾನಸಿಕ ಆಸ್ಪತ್ರೆಯ ವೈದ್ಯ ವಿಲಿಯಂ ಫ್ಲೆಚರ್ ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಬಿಳಿ ಅಕ್ಕಿ, ಇನ್ನೊಂದಕ್ಕೆ ಕುಚ್ಚಿಲಕ್ಕಿ ಕೊಟ್ಟ. ಬಿಳಿ ಅಕ್ಕಿಯ ಗುಂಪಿನಲ್ಲಿ 18 ಜನ ಬೆರಿಬೆರಿಯಿಂದ ಸತ್ತರು. ಕುಚ್ಚಿಲಕ್ಕಿಯ ಗುಂಪಿನಲ್ಲಿ ಒಬ್ಬರೂ ಸಾಯಲಿಲ್ಲ. ಇಂಥ ಪ್ರಯೋಗ ಇಂದು ಯಾರೂ ಮಾಡಬಾರದು. ಬೇಡ ಎನ್ನಲಾಗದ ಆ ರೋಗಿಗಳ ಸಾವಿನ ಲೆಕ್ಕದಿಂದ ಈ ತಿಳುವಳಿಕೆ ಬಂದಿದೆ ಎಂಬುದನ್ನು ತರಗತಿಯಲ್ಲಿ ಹೇಳಿಯೇ ಮುಂದೆ ಹೋಗುತ್ತೇನೆ.

ಭಾರತದಲ್ಲೂ ಹೀಗೇ ಇತ್ತು. ಬೆಳ್ತಿಗೆ ಉಣ್ಣುವ ಆಂಧ್ರದ ಉತ್ತರ ಕರಾವಳಿಯಲ್ಲಿ ಬೆರಿಬೆರಿ ಇತ್ತು, ಕುಚ್ಚಿಲಕ್ಕಿ ಉಣ್ಣುವ ಕಡೆ ಇರಲಿಲ್ಲ. ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಒಂದೇ ಕೋಣೆಯಲ್ಲಿ ಬೆರಿಬೆರಿ ವಿಚಾರಣಾ ಘಟಕ ಶುರುಮಾಡಿದರು. ಅದೇ ಬೆಳೆದು ಇಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಗಿದೆ. ನಮ್ಮ ದೇಶದ ಊಟದ ಲೆಕ್ಕ ಹಾಕುವ ದೊಡ್ಡ ಸಂಸ್ಥೆಯ ಬೇರು ಒಂದು ಅಕ್ಕಿಯ ಪ್ರಶ್ನೆಯಲ್ಲಿದೆ.

ಅಷ್ಟಕ್ಕೂ ಬಿ1 ಮಾಡುವ ಕೆಲಸ ಏನು? ಅನ್ನ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಜೀವಕೋಶದೊಳಗೆ ಎರಡು ತುಂಡಾಗುತ್ತದೆ. ಆ ತುಂಡಿನ ಹೆಸರು ಪೈರುವೇಟ್. ಇಲ್ಲಿಯವರೆಗೆ ಸಿಗುವ ಶಕ್ತಿ ಸ್ವಲ್ಪವೇ. ಹೆಚ್ಚಿನ ಶಕ್ತಿ ಸಿಗಬೇಕಾದರೆ ಪೈರುವೇಟ್ ಜೀವಕೋಶದ ಒಲೆಗೆ, ಅಂದರೆ ಮೈಟೋಕಾಂಡ್ರಿಯಾಕ್ಕೆ ಸೇರಿ ಉರಿಯಬೇಕು. ಅದನ್ನು ಒಲೆಗೆ ಹೊಂದುವಂತೆ ಮಾಡುವ ಕಿಣ್ವಕ್ಕೆ, ಅಂದರೆ ಎನ್‌ಜೈಮಿಗೆ, ಬಿ1 ಬೇಕೇ ಬೇಕು. ಕಟ್ಟಿಗೆ ರಾಶಿ ಇದೆ, ಒಲೆಯ ಬಾಯಿ ಮುಚ್ಚಿದೆ. ಬೆರಿಬೆರಿ ಅಂದರೆ ಅದು. ಉಂಡದ್ದು ಶಕ್ತಿಯಾಗದೆ ಆಮ್ಲವಾಗಿ ಸೇರುತ್ತದೆ. ಬಿಡುವಿಲ್ಲದೆ ದುಡಿಯುವ ಅಂಗಗಳು ಮೊದಲು ಸೋಲುತ್ತವೆ. ನರ ಸೋತರೆ ಕೈಕಾಲು ಜೋಮು ಹಿಡಿದು ನಡೆಯಲಾಗುವುದಿಲ್ಲ. ಹೃದಯ ಸೋತರೆ ಕಾಲಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ.

ದಿನಕ್ಕೆ ಬೇಕಾದದ್ದು ಒಂದೂವರೆ ಮಿಲಿಗ್ರಾಂ ಸುತ್ತಮುತ್ತ. ಒಂದು ಸಾಸಿವೆ ಕಾಳಿಗಿಂತಲೂ ಕಡಿಮೆ ತೂಕ. ಆದರೆ ದೇಹ ಇದನ್ನು ಕೂಡಿಡುವುದಿಲ್ಲ. ಇರುವ ದಾಸ್ತಾನು ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಕುಡಿತ ಜಾಸ್ತಿ ಇರುವವರಲ್ಲಿ ಕರುಳು ಇದನ್ನು ಸರಿಯಾಗಿ ಹೀರುವುದೂ ಇಲ್ಲ. ಅವರಲ್ಲಿ ಕೆಲವರಿಗೆ ನೆನಪು ತಪ್ಪುವುದು, ಕಣ್ಣು ಹೊರಳುವುದು, ನಡಿಗೆ ತೂರಾಡುವುದು ಬಿ1 ಕೊರತೆಯಿಂದ. ಅದನ್ನು ಸುಮ್ನೆ ಕುಡಿತದ ಅಮಲು ಎಂದು ಬಿಟ್ಟರೆ ಮಿದುಳಿಗೆ ಆದ ಹಾನಿ ಹಾಗೇ ಉಳಿಯುತ್ತದೆ.

ನಿಜಕ್ಕೂ ಕಳವಳ ಆಗುವುದು ಬಾಣಂತಿಯರ ವಿಷಯದಲ್ಲಿ. ನಮ್ಮ ಕಡೆ ಹಲವು ಮನೆಗಳಲ್ಲಿ ಪಥ್ಯ ಎಂದರೆ ಬೆಳ್ತಿಗೆ ಅನ್ನ, ತುಪ್ಪ, ಕಾಳುಮೆಣಸಿನ ಸಾರು, ಅಷ್ಟೇ. ಬೇಳೆ ವಾಯು, ಸೊಪ್ಪು ಶೀತ, ಮೀನು ನಂಜು ಎಂಬ ನಂಬಿಕೆ. ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ, ಅದು ನನಗೆ ಗೊತ್ತು. ಆದರೆ ತಾಯಿಯ ಊಟದಲ್ಲಿ ಬಿ1 ಇಲ್ಲದಿದ್ದರೆ ಹಾಲಿನಲ್ಲೂ ಇರುವುದಿಲ್ಲ. ಎದೆಹಾಲು ಮಾತ್ರ ಕುಡಿಯುವ ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ಏದುಸಿರು ಬಿಡುತ್ತದೆ, ದನಿ ಕ್ಷೀಣವಾಗಿ ಅಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ವೈದ್ಯರು, ಕಾಶ್ಮೀರದ ವೈದ್ಯರು ಇಂಥ ಮಕ್ಕಳ ಬಗ್ಗೆ ವರದಿ ಮಾಡಿದ್ದಾರೆ. ತಾಯಂದಿರಲ್ಲಿ ಹೆಚ್ಚಿನವರು ಪಾಲಿಷ್ ಮಾಡಿದ ಅಕ್ಕಿಯ ಕಟ್ಟುನಿಟ್ಟಿನ ಪಥ್ಯದಲ್ಲಿದ್ದವರು. ಥಯಾಮಿನ್ ಚುಚ್ಚುಮದ್ದು ಕೊಟ್ಟ ಕೆಲವೇ ಗಂಟೆಗಳಲ್ಲಿ ಮಕ್ಕಳು ಸುಧಾರಿಸಿದರು. ನಮ್ಮ ಹುಡುಗಿಯ ಪ್ರಶ್ನೆಗೆ ಈಗ ನನ್ನ ಉತ್ತರ ಬದಲಾಗಿದೆ. ಬೆರಿಬೆರಿ ಹಳೇ ಪುಸ್ತಕದ ಕಾಯಿಲೆ ಅಲ್ಲ. ಬಾಣಂತಿಗೆ ಕುಚ್ಚಿಲಕ್ಕಿ ಕೊಡಿ, ಹೆಸರುಕಾಳು ಕೊಡಿ, ತಿನ್ನುವವರಾದರೆ ಮೀನು ಮೊಟ್ಟೆ ಕೊಡಿ.

ಅಡುಗೆಮನೆಯಲ್ಲೂ ಬಿ1 ಕಳೆದುಹೋಗುತ್ತದೆ. ನೀರಲ್ಲಿ ಕರಗುವ ಗುಣವೇ ಇಲ್ಲಿ ತೊಂದರೆ. ಅಕ್ಕಿಯನ್ನು ನಾಲ್ಕೈದು ಸಲ ತಿಕ್ಕಿ ತೊಳೆದರೆ ಒಂದಷ್ಟು ಅಕ್ಕಚ್ಚಿನ ಜೊತೆ ಹಟ್ಟಿಗೆ ಹೋಗುತ್ತದೆ. ಅನ್ನ ಬಸಿದರೆ ಇನ್ನೊಂದಷ್ಟು ತೆಳಿಯಲ್ಲಿ ಹೋಗುತ್ತದೆ. ತೊಳೆಯುವುದು ಎರಡು ಸಲ ಸಾಕು. ತೆಳಿ ಚೆಲ್ಲಬೇಡಿ. ಗಂಜಿ ಮಾಡಿ ಉಂಡರೆ ಆ ಪ್ರಶ್ನೆಯೇ ಇಲ್ಲ, ನೀರೂ ಅಗುಳೂ ಒಟ್ಟಿಗೇ ಹೊಟ್ಟೆಗೆ ಹೋಗುತ್ತವೆ.

ಹೊಟ್ಟೆಗೆ ಹೋದ ಮೇಲೆ?

ಜೀರ್ಣ ಶುರುವಾಗುವುದು ಬಾಯಲ್ಲಿ. ತರಗತಿಯಲ್ಲಿ ಎರಡು ಪ್ರನಾಳದಲ್ಲಿ ತೆಳಿ ಹಾಕುತ್ತೇನೆ. ಒಂದಕ್ಕೆ ಯಾರದ್ದಾದರೂ ಜೊಲ್ಲು ಸೇರಿಸುತ್ತೇವೆ. ಹತ್ತು ಹದಿನೈದು ನಿಮಿಷ ಬಿಟ್ಟು ಎರಡಕ್ಕೂ ಅಯೋಡಿನ್ ಹನಿಸಿದರೆ ಒಂದು ಕಡುನೀಲಿ ಆಗುತ್ತದೆ. ಜೊಲ್ಲು ಹಾಕಿದ್ದು ನೀಲಿಯಾಗುವುದಿಲ್ಲ, ನೀಲಿಯಾದರೂ ತುಂಬಾ ಮಸುಕು. ಜೊಲ್ಲಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಉದ್ದ ಸರಪಣಿಯನ್ನು ಕತ್ತರಿಸಿ ಸಕ್ಕರೆ ಮಾಡಿರುತ್ತದೆ. ಅನ್ನವನ್ನು ತುಂಬಾ ಹೊತ್ತು ಜಗಿದರೆ ಸಿಹಿ ಬರುತ್ತದೆ ಅಲ್ವಾ, ಅದು ಇದೇ. ಜಠರದ ಆಮ್ಲದಲ್ಲಿ ಈ ಕಿಣ್ವ ನಿಲ್ಲುತ್ತದೆ. ಆಮ್ಲ ಆಹಾರದ ಜೊತೆ ಬಂದ ಹೆಚ್ಚಿನ ರೋಗಾಣುಗಳನ್ನು ಕೊಲ್ಲುತ್ತದೆ, ಪ್ರೋಟೀನ್ ಜೀರ್ಣವಾಗಲು ಶುರುವಾಗುತ್ತದೆ. ಗಂಜಿ ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದಕ್ಕೇ ಜ್ವರ ಬಂದವರಿಗೆ ಅದು ಹಗುರ.

ನಿಜವಾದ ಕೆಲಸ ನಡೆಯುವುದು ಸಣ್ಣ ಕರುಳಿನಲ್ಲಿ. ಉದ್ದ ಸುಮಾರು ಆರು ಮೀಟರ್. ಒಳಗೋಡೆ ಮಖಮಲ್ಲಿನ ಹಾಗೆ, ತುಂಬಾ ಸಣ್ಣ ಎಳೆಗಳು. ಮೇದೋಜೀರಕದ ರಸ ಪಿಷ್ಟವನ್ನು ಇನ್ನಷ್ಟು ಕತ್ತರಿಸುತ್ತದೆ, ಗೋಡೆಯ ಕಿಣ್ವಗಳು ಕೊನೆಗೆ ಗ್ಲೂಕೋಸ್ ಮಾಡುತ್ತವೆ. ಆ ಗ್ಲೂಕೋಸ್ ಗೋಡೆ ದಾಟುವ ರೀತಿ ಗಮನಿಸಬೇಕಾದದ್ದು. ಗೋಡೆಯಲ್ಲಿ ಒಂದು ಬಗೆಯ ಬಾಗಿಲಿದೆ. ಗ್ಲೂಕೋಸ್ ಒಂಟಿಯಾಗಿ ಬಂದರೆ ಅದು ತೆರೆಯುವುದಿಲ್ಲ. ಉಪ್ಪಿನಲ್ಲಿರುವ ಸೋಡಿಯಂ ಜೊತೆಗಿರಬೇಕು. ಒಂದು ಗ್ಲೂಕೋಸ್ ಕಣಕ್ಕೆ ಎರಡು ಸೋಡಿಯಂ ಕಣ. ಇವು ಒಟ್ಟಿಗೆ ಒಳಗೆ ಹೋದಾಗ ಅವುಗಳ ಹಿಂದೆ ನೀರೂ ಹೋಗುತ್ತದೆ.

ಈಗ ವಾಂತಿಭೇದಿ ಆದಾಗ ಅಜ್ಜಿ ಕೊಡುತ್ತಿದ್ದ ಉಪ್ಪು ಹಾಕಿದ ತೆಳಿಯನ್ನು ನೆನೆಸಿಕೊಳ್ಳಿ.

ದಿನಕ್ಕೆ ಎಂಟೊಂಬತ್ತು ಲೀಟರ್ ದ್ರವ ನಮ್ಮ ಸಣ್ಣ ಕರುಳಿಗೆ ಬರುತ್ತದೆ. ಕುಡಿದದ್ದು ಎರಡು ಲೀಟರ್ ಇರಬಹುದು. ಉಳಿದದ್ದೆಲ್ಲ ದೇಹವೇ ಸುರಿಸಿದ ರಸ. ಆರೋಗ್ಯವಾಗಿದ್ದಾಗ ಕರುಳು ಅಷ್ಟನ್ನೂ ಹೀರುತ್ತದೆ. ಮಲದಲ್ಲಿ ಹೋಗುವುದು ಒಂದು ಲೋಟದಷ್ಟೂ ಇಲ್ಲ. ಕಾಲರಾ ಬಂದರೆ ಅದರ ವಿಷ ಕರುಳಿನ ಕೋಶದಿಂದ ಉಪ್ಪು ನೀರು ಹೊರಗೆ ಹರಿಯುವಂತೆ ಮಾಡುತ್ತದೆ. ಬರೀ ನೀರು ಕುಡಿದರೆ ಅದೂ ಹಾಗೇ ಹೋಗಿಬಿಡುತ್ತದೆ. ಆದರೆ ಗ್ಲೂಕೋಸ್ ಮತ್ತು ಸೋಡಿಯಂ ಸೇರಿ ದಾಟುವ ಆ ಬಾಗಿಲು ಮಾತ್ರ ಆಗಲೂ ಕೆಲಸ ಮಾಡುತ್ತಿರುತ್ತದೆ. ಈ ವಿಷಯ ಸ್ಪಷ್ಟವಾದದ್ದು 1960ರ ದಶಕದಲ್ಲಿ. ಲಕ್ಷಾಂತರ ಜೀವ ಉಳಿಸಿದ್ದು ಈ ಒಂದು ಸಂಗತಿ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನ್‌ಗಾಂವ್‌ಗೆ ಬಂದು ಸೇರಿದ್ದರು. ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಮುಗಿದವು. ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡಿಗೆ ಸೋಡ ನೀರಲ್ಲಿ ಕಲಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇವತ್ತು ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಓಆರ್‌ಎಸ್ ಪೊಟ್ಟಣ ಅದರದ್ದೇ ಮುಂದುವರಿಕೆ.

ಉಪ್ಪು ತೆಳಿಯಲ್ಲಿ ಇರುವುದೂ ಅದೇ ಜೋಡಿ. ಪಿಷ್ಟದಿಂದ ಗ್ಲೂಕೋಸ್ ನಿಧಾನವಾಗಿ ಬಿಡುಗಡೆಯಾಗುತ್ತದೆ. ಒಮ್ಮೆಗೇ ಜಾಸ್ತಿ ಸಕ್ಕರೆ ಸುರಿದರೆ ಅದು ನೀರನ್ನು ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಪಿಷ್ಟ ಹಾಗೆ ಮಾಡುವುದಿಲ್ಲ. ಅಕ್ಕಿ ಹಿಟ್ಟಿನಿಂದ ಮಾಡಿದ ಓಆರ್‌ಎಸ್ ಕಾಲರಾದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ಆದರೂ ಮನೆಯಲ್ಲಿ ಪೊಟ್ಟಣ ಇದ್ದರೆ ಅದನ್ನೇ ಕೊಡಿ. ಅದರಲ್ಲಿ ಪೊಟ್ಯಾಶಿಯಂ ಕೂಡ ಇದೆ, ಅಳತೆ ಸರಿ ಇದೆ. ಪೊಟ್ಟಣ ಸಿಗುವವರೆಗೆ ತೆಳಿ. ತೆಳಿ ಕಣ್ಣೀರಿಗಿಂತ ಜಾಸ್ತಿ ಉಪ್ಪಾಗಬಾರದು, ರುಚಿ ನೋಡಿಯೇ ಮಗುವಿಗೆ ಕೊಡಿ.

ನಮ್ಮ ನೆರೆಮನೆಯಲ್ಲಿ ಒಂದು ಮಳೆಗಾಲ ಎರಡು ವರ್ಷದ ಮಗುವಿಗೆ ಭೇದಿ ಆಯಿತು. ನೀರು ಕೊಟ್ಟರೆ ಇನ್ನೂ ಹೋಗುತ್ತದೆ ಎಂದು ಮನೆಯವರು ಒಂದು ಹಗಲು ಪೂರ್ತಿ ಏನೂ ಕೊಡಲಿಲ್ಲ. ಸಂಜೆ ಹೊತ್ತಿಗೆ ಮಗುವಿನ ಕಣ್ಣು ಗುಳಿ ಬಿದ್ದಿತ್ತು, ಹೊಟ್ಟೆಯ ಚರ್ಮ ಹಿಡಿದೆತ್ತಿದರೆ ಹಾಗೇ ನಿಲ್ಲುತ್ತಿತ್ತು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಡ್ರಿಪ್ ಹಾಕಿ ಉಳಿಸಿದರು. ಆ ಅಡುಗೆಮನೆಯಲ್ಲಿ ಅವತ್ತೂ ಗಂಜಿ ಬೆಂದಿತ್ತು. ಇದನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ. ಭೇದಿ ಆದಾಗ ಕುಡಿಯಲು ಕೊಡಬೇಕು, ಉಣ್ಣಲೂ ಕೊಡಬೇಕು, ಎದೆಹಾಲು ನಿಲ್ಲಿಸಬಾರದು. ಮಗು ಕುಡಿಯಲು ಒಲ್ಲದಿದ್ದರೆ, ಮಂಕಾಗಿದ್ದರೆ, ಮಲದಲ್ಲಿ ರಕ್ತ ಇದ್ದರೆ ಮನೆಯಲ್ಲಿ ಕಾಯಬೇಡಿ. ಭೇದಿಯಾದ ಮಕ್ಕಳಿಗೆ 14 ದಿನ ಕೊಡುವ ಸತುವಿನ ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ.

ಇಷ್ಟೆಲ್ಲ ಹೇಳಿದೆ ಎಂದು ಗಂಜಿಯೊಂದೇ ಸಾಕು ಎಂದುಕೊಳ್ಳಬಾರದು. ಬರೀ ಗಂಜಿ ಉಂಡರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಅಕ್ಕಿಯಲ್ಲಿ ಎ ಇಲ್ಲ, ಸಿ ಇಲ್ಲ, ಡಿ ಇಲ್ಲ, ಬಿ12 ಇಲ್ಲ. ಕಬ್ಬಿಣ ಕಡಿಮೆ. ಪ್ರೋಟೀನ್ ಇದ್ದರೂ ಅದರಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ನಮ್ಮ ಹಿರಿಯರು ಗಂಜಿಯನ್ನು ಹಾಗೇ ಉಣ್ಣುತ್ತಿರಲಿಲ್ಲ, ನಂಜಿಕೊಳ್ಳಲು ಏನಾದರೂ ಬೇಕೇ ಬೇಕಿತ್ತು. ನನಗೆ ಇಷ್ಟವಾಗುವುದು ಆ ನಂಜಿಕೊಳ್ಳುವ ಪದಾರ್ಥಗಳೇ.

ಹುರುಳಿ ಚಟ್ನಿ ತೆಗೆದುಕೊಳ್ಳಿ. ಕಾಳುಗಳಲ್ಲಿ ಲೈಸಿನ್ ಧಾರಾಳ, ಕಾಳಿನಲ್ಲಿ ಕಡಿಮೆ ಇರುವುದು ಅಕ್ಕಿಯಲ್ಲಿದೆ. ಎರಡೂ ಸೇರಿದರೆ ಪ್ರೋಟೀನ್ ಪೂರ್ಣವಾಗುತ್ತದೆ. ನೆಲ್ಲಿಕಾಯಿ ತಂಬುಳಿಯಲ್ಲಿ ಸಿ ವಿಟಮಿನ್ ಇದೆ. ಅದು ಒಸಡಿಗೆ, ಗಾಯ ಮಾಯಲು ಬೇಕು. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವನ್ನು ಕರುಳು ಹೀರಲು ಸಹಾಯ ಮಾಡುವುದೂ ಅದೇ. ಊಟದ ಬೆನ್ನಿಗೇ ಚಹಾ ಕುಡಿದರೆ ಅದರ ಒಗರು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಅಡಿಕೆ ಬೆಳೆಯುವ ಊರಿನವಳಾಗಿ ಹೇಳಲು ಬೇಸರವೇ, ಆದರೂ ಹೇಳುತ್ತೇನೆ. ಅಡಿಕೆಯ ಮತ್ತು ಚಹಾದ ಒಗರು ಬಿ1 ಅನ್ನೂ ಕೆಡಿಸುತ್ತದೆ. ಇಡೀ ದಿನ ಎಲೆಅಡಿಕೆ ಜಗಿಯುವವರಿಗೆ ಇದು ಲೆಕ್ಕಕ್ಕೆ ಬರುವ ಮಾತು. ಬಾಯಿಯ ಕ್ಯಾನ್ಸರಿನ ಭಯ ಬೇರೆಯೇ ಇದೆ.

ಹರಿವೆ, ನುಗ್ಗೆಸೊಪ್ಪು, ಬಸಳೆಯಲ್ಲಿ ಎ ಆಗಿ ಬದಲಾಗುವ ಕೆರೋಟಿನ್ ಇದೆ. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವಂಥವು. ಪಿತ್ತರಸ ಕೊಬ್ಬನ್ನು ಸಣ್ಣ ಹನಿ ಮಾಡಿದಾಗ ಅದರ ಜೊತೆ ಒಳಗೆ ಹೋಗುತ್ತವೆ. ಸೊಪ್ಪಿನ ಪಲ್ಯಕ್ಕೆ ತೆಂಗಿನೆಣ್ಣೆಯ ಒಗ್ಗರಣೆ, ತುರಿದ ಕಾಯಿ ಹಾಕುವುದು ರುಚಿಗೆ ಮಾತ್ರ ಅಲ್ಲ. ಮೀನು ತಿನ್ನುವ ಮನೆಗಳಲ್ಲಿ ಬೂತಾಯಿ ಎಲ್ಲಕ್ಕಿಂತ ಅಗ್ಗದ ನಿಧಿ. ಡಿ ವಿಟಮಿನ್, ಬಿ12, ಒಳ್ಳೆಯ ಕೊಬ್ಬು ಎಲ್ಲ ಅದರಲ್ಲಿದೆ, ಮೆತ್ತಗಿನ ಮುಳ್ಳು ತಿಂದರೆ ಕ್ಯಾಲ್ಸಿಯಂ ಕೂಡ. ಸಸ್ಯಾಹಾರಿಗಳು ಬಿ12 ಬಗ್ಗೆ ಎಚ್ಚರ ಇರಬೇಕು. ಅದು ಸಿಗುವುದು ಹಾಲು, ಮೊಸರಿನಲ್ಲಿ. ಗಿಡಗಳಲ್ಲಿ ಇಲ್ಲ. ಜಠರ ಮಾಡುವ ಒಂದು ವಿಶೇಷ ಪ್ರೋಟೀನ್ ಅದನ್ನು ಹಿಡಿದು ಸಣ್ಣ ಕರುಳಿನ ಕೊನೆಯವರೆಗೆ ಒಯ್ಯಬೇಕು. ವಯಸ್ಸಾದವರಲ್ಲಿ ಈ ಕೆಲಸ ಕುಗ್ಗುತ್ತದೆ. ಪಿತ್ತಜನಕಾಂಗ ಬಿ12 ಅನ್ನು ವರ್ಷಗಟ್ಟಲೆಗೆ ಕೂಡಿಡುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಪಾದ ಉರಿ, ಮರೆವು, ಸುಸ್ತು ಇದ್ದರೆ ಪ್ರಾಯ ಆಯಿತು ಎಂದು ಬಿಡದೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಒಂದು ಮಾತು. ಕುಚ್ಚಿಲಕ್ಕಿಯೂ ಅಕ್ಕಿಯೇ. ತುಂಬಾ ಬೆಂದ ಗಂಜಿಯಿಂದ ಗ್ಲೂಕೋಸ್ ಬೇಗ ಏರುತ್ತದೆ. ಬಟ್ಟಲು ಚಿಕ್ಕದಿರಲಿ, ಕಾಳು ಸೊಪ್ಪು ಜಾಸ್ತಿ ಇರಲಿ.

ರೋಗ ತಡೆಯುವ ಶಕ್ತಿಯ ಬಗ್ಗೆ ಎಲ್ಲ ಕಡೆ ಮಾತು ಕೇಳುತ್ತೇವೆ. ಇಮ್ಯುನಿಟಿ ಹೆಚ್ಚಿಸುವ ಪುಡಿ, ಕಷಾಯ, ಮಾತ್ರೆ. ಆದರೆ ಈ ಶಕ್ತಿ ನೀರಿನ ಟಾಂಕಿ ಅಲ್ಲ, ತುಂಬಿಸಿದಷ್ಟೂ ಒಳ್ಳೆಯದು ಎನ್ನಲು. ಅತಿಯಾದರೆ ಅದು ಅಲರ್ಜಿ, ಇಲ್ಲವೇ ತನ್ನ ದೇಹದ ಮೇಲೇ ತಾನು ಬೀಳುವ ಕಾಯಿಲೆ. ಬೇಕಾದದ್ದು ಸರಿಯಾಗಿ ಗುರುತಿಸುವ ಗುಣ. ಅದನ್ನು ದೇಹ ಹೆಚ್ಚಾಗಿ ಕಲಿಯುವುದು ಕರುಳಿನಲ್ಲಿ.

ಕರುಳಿನ ಒಳಮೈ ಬಿಡಿಸಿ ಹಾಸಿದರೆ ಅರ್ಧ ಬ್ಯಾಡ್ಮಿಂಟನ್ ಅಂಕಣದಷ್ಟು ಆಗುತ್ತದೆ. ಹೊರಗಿನ ಆಹಾರ ಒಂದು ಕಡೆ, ನಮ್ಮ ರಕ್ತ ಇನ್ನೊಂದು ಕಡೆ. ನಡುವೆ ಒಂದೇ ಸಾಲು ಕೋಶ, ಅದರ ಮೇಲೆ ಲೋಳೆ. ಅದಕ್ಕೇ ದೇಹದ ಕಾವಲು ಕೋಶಗಳಲ್ಲಿ ದೊಡ್ಡ ಪಾಲು ಕರುಳಿನ ಸುತ್ತಲೇ ಬೀಡುಬಿಟ್ಟಿದೆ. ಹಾದುಹೋಗುವುದರಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಪರೀಕ್ಷಿಸುತ್ತವೆ. ಯಾವುದು ಅನ್ನ, ಯಾವುದು ಶತ್ರು, ಯಾವುದು ಜೊತೆಗೇ ಬಾಳುವ ಬ್ಯಾಕ್ಟೀರಿಯಾ ಎಂದು ಕಲಿಯುತ್ತವೆ. ದಿನಕ್ಕೆ ಕೆಲವು ಗ್ರಾಂನಷ್ಟು ಪ್ರತಿಕಾಯಗಳನ್ನು ಲೋಳೆಗೆ ಸುರಿಯುತ್ತವೆ. ಪ್ರತಿಕಾಯ ಅಂದರೆ ರೋಗಾಣುವನ್ನು ಹಿಡಿದು ತಡೆಯುವ ಪ್ರೋಟೀನ್, ಹುರುಳಿ ಚಟ್ನಿ ಅಲ್ಲಿಗೂ ಬೇಕು. ಆ ಒಂದು ಸಾಲು ಕೋಶ ಕೆಲವೇ ದಿನಗಳಲ್ಲಿ ಉದುರಿ ಹೊಸದು ಬರುತ್ತದೆ, ಅದಕ್ಕೆ ಎ ವಿಟಮಿನ್ ಬೇಕು. ಎ ಕಡಿಮೆ ಇರುವ ಮಕ್ಕಳಿಗೆ ದಡಾರ, ಭೇದಿ ಹೆಚ್ಚು ಅಪಾಯ ಮಾಡುವುದು ಈ ಕಾರಣಕ್ಕೆ. ಆದರೆ ಲಸಿಕೆ ಕಲಿಸುವ ಪಾಠವನ್ನು ಯಾವ ಸೊಪ್ಪೂ ಕಲಿಸುವುದಿಲ್ಲ. ಊಟ ಬೇರೆ, ಲಸಿಕೆ ಬೇರೆ, ಎರಡೂ ಬೇಕು.

ಗಂಜಿಯ ದಾರಿಯಲ್ಲಿ ಕೊನೆಯದು ದೊಡ್ಡ ಕರುಳು. ಅನ್ನ ಆರಿ ತಣ್ಣಗಾದಾಗ ಪಿಷ್ಟದ ಒಂದು ಪಾಲು ಮತ್ತೆ ಬಿಗಿದುಕೊಳ್ಳುತ್ತದೆ. ಅದನ್ನು ನಮ್ಮ ಕಿಣ್ವಗಳು ಕತ್ತರಿಸಲಾರವು. ಹಾಗೇ ದೊಡ್ಡ ಕರುಳಿಗೆ ಬಂದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಅವು ಅದನ್ನು ಹುಳಿಸಿ ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲ ಮಾಡುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಮುಖ್ಯ ಆಹಾರ ಅದೇ. ಉರಿಯೂತ ಕಡಿಮೆ ಇರಲು ಸಹಾಯ ಮಾಡುವುದೂ ಅದೇ. ರಾತ್ರಿ ನೀರು ಹಾಕಿಟ್ಟ ತಂಗಳನ್ನಕ್ಕೆ ಬೆಳಗ್ಗೆ ಮಜ್ಜಿಗೆ ಸುರಿದು, ನೀರುಳ್ಳಿ, ಹಸಿಮೆಣಸು ಕಚ್ಚಿಕೊಂಡು ಉಂಡು ತೋಟಕ್ಕೆ ಇಳಿಯುತ್ತಿದ್ದವರಿಗೆ ಈ ಲಾಭವೂ ಸಿಗುತ್ತಿತ್ತು.

ತಂಗಳನ್ನದಲ್ಲಿ ಒಂದು ಅಪಾಯವೂ ಇದೆ. ಬೇಯಿಸಿದರೂ ಸಾಯದ ಒಂದು ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿಯಲ್ಲಿರುತ್ತವೆ, ಬ್ಯಾಸಿಲಸ್ ಸೀರಿಯಸ್ ಎಂದು ಹೆಸರು. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಅವು ಮೊಳೆತು ವಿಷ ಮಾಡುತ್ತವೆ. ಚೆನ್ನಾಗಿ ಹುಳಿ ಬಂದ ಅನ್ನದಲ್ಲಿ ಅವಕ್ಕೆ ಬೆಳೆಯಲು ಕಷ್ಟ. ಆದರೆ ವಾಂತಿ ತರುವ ಆ ವಿಷ ಒಮ್ಮೆ ಆಯಿತೆಂದರೆ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅದಕ್ಕೆ ಅನ್ನ ಬೇಗ ಆರಬೇಕು. ನನ್ನ ಅಮ್ಮ ಈಗಲೂ ರಾತ್ರಿ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿದ ಮೇಲೆಯೇ, ಕುದಿಸಿ ತಣ್ಣಗಾದ ನೀರು ಹಾಕಿ ಮಣ್ಣಿನ ಪಾತ್ರೆಯಲ್ಲಿಡುತ್ತಾಳೆ. ಬೆಳಗ್ಗೆ ಏಳು ಗಂಟೆಗೆ ಮುಚ್ಚಳ ತೆಗೆದು ಮೂಸಿ ನೋಡುತ್ತಾಳೆ. ಹುಳಿ ವಾಸನೆ ಇದ್ದರೆ ಬಟ್ಟಲಿಗೆ ಬರುತ್ತದೆ. ಲೋಳೆ ಬಂದಿದ್ದರೆ, ವಾಸನೆ ಬೇರೆ ಅನಿಸಿದರೆ ತೆಂಗಿನ ಬುಡಕ್ಕೆ ಹೋಗುತ್ತದೆ.